ಥಿಯಾಳ ಬಲಗಾಲು

ಬೆಲ್ಟ್ ಬಿಗಿಯುವ ಕೆಲಸವನ್ನು ವಾರೆನ್ ಬೇರೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಥಿಯಾ ಆ ಹಳೇ ಸ್ಟೇಷನ್ ವ್ಯಾಗನ್ನಿನ ರೇಸ್ ಸೀಟಿನಲ್ಲಿ ಕೂತದ್ದೇ ತಡ, ಅವನು ಕಿಟಕಿಯಿಂದ ಅರ್ಧ ಮೈ ಒಳಗೆ ತೂರಿಸುತ್ತಿದ್ದ. ಭುಜದ ಪಟ್ಟಿ ಎರಡನ್ನೂ ಎಳೆದು ಸಮ ಮಾಡಿ, ಸೊಂಟದ ಕೊಂಡಿ ಟಕ್ಕೆನ್ನುವ ತನಕ ಒತ್ತುತ್ತಿದ್ದ. ಹೆಲ್ಮೆಟ್ಟಿನ ಸಂದಿಯಲ್ಲಿ ಕಾಣುವುದು ಅವಳ ಕಣ್ಣು ಮಾತ್ರ. ಅಷ್ಟನ್ನೇ ನೋಡುತ್ತ, ಅಗತ್ಯಕ್ಕಿಂತ ಎರಡು ಕ್ಷಣ ಜಾಸ್ತಿ ನಿಲ್ಲುತ್ತಿದ್ದ.

"ಉಸಿರಾಡೋಕೆ ಆಗ್ತಿದೆಯಾ?"

"ನೀನು ಇಷ್ಟು ಹತ್ತಿರ ಇದ್ರೆ ಹೇಗೆ ಆಗುತ್ತೆ?"

ಅವನ ಕಿವಿ ಕೆಂಪಾಗುತ್ತಿತ್ತು. ಆಮೇಲೆ ಬಗ್ಗಿ ಅವಳ ಶೂ ಲೇಸ್ ಮುಟ್ಟಿ ನೋಡುತ್ತಿದ್ದ. ಲೇಸ್ ಪೆಡಲ್ಲಿಗೆ ಸಿಕ್ಕಿಕೊಂಡರೆ ಕಷ್ಟ ಎಂದು. ಮೂವತ್ತನಾಲ್ಕು ವರ್ಷದ ಹೆಂಗಸು, ಸ್ಕೂಲ್ ಬಸ್ಸುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಚಿಕ್ಕವಳಿದ್ದಾಗ ಅವಳ ಅಪ್ಪ ಸಹ ಅವಳ ಲೇಸ್ ನೋಡಿದವನಲ್ಲ. ಹಾಗಾಗಿ ಥಿಯಾಗೆ ಅದು ತುಂಬಾ ಇಷ್ಟವಾಗಿತ್ತು.

ಅವರದು ನಾಲ್ಕು ಜನರ ತಂಡ. ನಾಯಕಿ ಓಪಲ್, ನಿವೃತ್ತ ಭೂಗೋಳದ ಟೀಚರ್. ಅವಳ ತಮ್ಮ ಲೀರಾಯ್. ಚೀಸ್ ಫ್ಯಾಕ್ಟರಿಯ ಕೋಲ್ಡ್ ರೂಮ್ ನೋಡಿಕೊಳ್ಳುವ ವಾರೆನ್. ಮತ್ತೆ ಥಿಯಾ. ಯಾರಿಗೂ ಇದು ಹೊಟ್ಟೆಪಾಡಲ್ಲ. ವಾರವೆಲ್ಲ ದುಡಿದು, ಶನಿವಾರ ಕಾರಿನ ಕೆಳಗೆ ಮಲಗಿ, ವರ್ಷಕ್ಕೆ ಎರಡು ಸಲ ಹದಿನಾಲ್ಕು ಗಂಟೆಯ ರೇಸಿನಲ್ಲಿ ಸರದಿಯ ಮೇಲೆ ಓಡಿಸುವ ಜನ. ವಿಸ್ಕಾನ್ಸಿನ್ನಿನಲ್ಲಿ ಇಂಥ ಹುಚ್ಚಿಗೇನೂ ಬರವಿಲ್ಲ.

ಹೋದ ಸೆಪ್ಟೆಂಬರಿನ ರೇಸಿನಲ್ಲಿ ಯಾರದೋ ಕಾರು ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಥಿಯಾ ಟೈರ್ ಪೇರಿಸಿದ ಗೋಡೆಗೆ ಗುದ್ದಿದ್ದಳು. ಕತ್ತಿನ ಕೆಳಗಿನ ಎಲುಬು ಮುರಿಯಿತು. ಆರು ವಾರ ವಾರೆನ್ ದಿನಾ ಸಂಜೆ ಸೂಪ್ ತಂದುಕೊಟ್ಟ, ಅವಳ ತಲೆ ಬಾಚಿದ, ಅವಳ ಬೆಕ್ಕಿನ ಹತ್ತಿರ ಬೈಸಿಕೊಂಡ. ಏಳನೇ ವಾರ ಅವನು ಸೂಪ್ ಇಲ್ಲದೆಯೇ ಬಂದಾಗ ಇಬ್ಬರೂ ಬಾಗಿಲಲ್ಲೇ ನಿಂತು ನಕ್ಕುಬಿಟ್ಟರು. ಪ್ರೀತಿ ಎನ್ನುವ ಮಾತನ್ನು ಮಾತ್ರ ಅವನು ಇನ್ನೂ ಆಡಿರಲಿಲ್ಲ. ಅವಳು ಕಾಯುತ್ತಿದ್ದಳು.

ಚಳಿಗಾಲವೆಲ್ಲ ಸೇರಿ ಕಾರು ಕಟ್ಟಿದರು. ಬಾಡಿ, ಚಕ್ರ ಅವಳು; ಹೊಸ ಎಂಜಿನ್, ಪೆಡಲ್ ಅವನು. ಮಾರ್ಚಿನಲ್ಲಿ ಟ್ರ್ಯಾಕಿಗೆ ತಂದಾಗ ಉಳಿದ ಮೂವರೂ ಎರಡು ನಿಮಿಷ ಐದು ಸೆಕೆಂಡಿಗೆ ಒಂದು ಸುತ್ತು ಮುಗಿಸಿದರು. ಥಿಯಾಗೆ ಎರಡು ನಿಮಿಷ ಒಂಬತ್ತು ಸೆಕೆಂಡಾಯಿತು. ಎರಡನೇ ಟೆಸ್ಟಿನಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ. ಹಿಂದೆ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುತ್ತಿದ್ದವಳು ಅವಳು.

"ಭಯ ಕಾಲಲ್ಲಿ ಕೂತಿರುತ್ತೆ ಬಂಗಾರ, ತಲೆಗೆ ಗೊತ್ತೇ ಆಗಲ್ಲ," ಎಂದಿದ್ದ ವಾರೆನ್. "ನಿನಗೇ ತಿಳಿಯದ ಹಾಗೆ ಪೆಡಲಿಂದ ಕಾಲು ಎತ್ತುತ್ತಿದ್ದೀಯ."

ಮೂರನೇ ಟೆಸ್ಟಿನ ಮರುದಿನ, ಭಾನುವಾರ, ಅಡಿಗೆಮನೆಯಲ್ಲಿ ಅವಳು ಅವನ ಎದೆಗೆ ಮುಖ ಒತ್ತಿ ಅತ್ತಿದ್ದಳು, ನಾನು ಪುಕ್ಕಲಿಯಾಗಿಬಿಟ್ಟೆ ಅಂತ. ಅವನು ಅವಳ ಕೂದಲು ನೇವರಿಸುತ್ತ, ಹೆದರೋದು ತಪ್ಪಲ್ಲ ಎಂದು ಸಮಾಧಾನ ಮಾಡಿದ್ದ.

ಏಪ್ರಿಲ್ ಕೊನೆಯ ಈ ಶನಿವಾರ ಕಡೆಯ ಟೆಸ್ಟು. ಟ್ರ್ಯಾಕಿನ ಗ್ಯಾರೇಜುಗಳ ಹಿಂದೆ ಇನ್ನೂ ಒಂದು ಗುಪ್ಪೆ ಕೊಳಕು ಹಿಮ ಉಳಿದಿತ್ತು. ಬರುವ ದಾರಿಯಲ್ಲೇ ಥಿಯಾ ವಾರೆನ್‌ಗೆ ಹೇಳಿಬಿಟ್ಟಳು: ಇವತ್ತೂ ಒಂಬತ್ತೇ ಆದರೆ ನನ್ನ ಸೀಟು ಬೇರೆಯವರಿಗೆ ಕೊಡಲಿ, ನಾನಿನ್ನು ಓಡಿಸೋದಿಲ್ಲ. ಅವನು ತನ್ನ ನೀಲಿ ಪಿಕಪ್ಪಿನ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಅವಳ ಕೈ ಹಿಡಿದ. ಅವನ ಮುಖದಲ್ಲಿ ಏನೋ ಹಗುರವಾದದ್ದನ್ನು ಅವಳು ಕಂಡಳು. ಅದನ್ನು ಪ್ರೀತಿ ಎಂದುಕೊಂಡಳು.

ಹತ್ತು ಗಂಟೆಗೆ ಹಿಂದಿನ ಚಕ್ರದ ಬೇರಿಂಗ್ ಸದ್ದು ಮಾಡತೊಡಗಿತು. ಸದ್ಯಕ್ಕೆ ಅಪಾಯವಿಲ್ಲ, ಆದರೂ ಹೊಸದು ಕೈಯಲ್ಲಿರಲಿ ಎಂದು ಓಪಲ್ ವಾರೆನ್‌ನನ್ನು ಪೇಟೆಗೆ ಅಟ್ಟಿದಳು. ಥಿಯಾಳ ಸರದಿ ಇದ್ದದ್ದು ಮಧ್ಯಾಹ್ನ. ಆದರೆ ಲೀರಾಯ್ ಬೆಳಿಗ್ಗೆ ತಿಂದ ಸಾಸೇಜ್ ಅವನ ಹೊಟ್ಟೆಯಲ್ಲಿ ಬೇರೆಯೇ ರೇಸ್ ಶುರುಮಾಡಿ, ಅವನು ಶೌಚಾಲಯದ ಕಡೆ ನಡೆದ.

"ಸುಮ್ನೆ ಟೈಮ್ ಹಾಳಾಗುತ್ತೆ, ನೀನೇ ಹತ್ತು," ಎಂದಳು ಓಪಲ್. ಬೆಲ್ಟನ್ನು ಅವಳೇ ಕಟ್ಟಿದಳು. ಶೂ ಲೇಸ್ ನೋಡಲಿಲ್ಲ.

ಮೊದಲ ಸುತ್ತಿನಲ್ಲೇ ಕಾರು ಬೇರೆಯಾಗಿತ್ತು. ಆಕ್ಸಿಲರೇಟರ್ ಪೆಡಲ್ ಒತ್ತಿದರೆ ಒತ್ತಿದಷ್ಟೂ ಕೆಳಗಿಳಿಯಿತು, ಎಂಜಿನ್ ಗಂಟಲು ಬಿಚ್ಚಿ ಹಾಡಿತು. ಹಿಂದಿನ ಉದ್ದ ನೇರ ದಾರಿಯಲ್ಲಿ ಯಾವಾಗಲೂ ಬ್ರೇಕ್ ಹಾಕುವ ಗುರುತಿಗಿಂತ ಎಷ್ಟೋ ಮೊದಲೇ ಹಾಕಬೇಕಾಯಿತು. ಟೈರ್ ಗೋಡೆಯ ತಿರುವು ಬಂತು, ಹೋಯಿತು. ಹೆಲ್ಮೆಟ್ಟಿನೊಳಗೆ ಅವಳು ಒಬ್ಬಳೇ ನಕ್ಕಳು. ನನ್ನ ಕಾಲು ನನಗೆ ವಾಪಸ್ ಸಿಕ್ಕಿತು ಎಂದುಕೊಂಡಳು.

"ಎರಡು ನಿಮಿಷ ನಾಲ್ಕು," ಎಂದಿತು ರೇಡಿಯೋದಲ್ಲಿ ಓಪಲ್‌ಳ ದನಿ. "ಏನು ತಿಂದ್ಕೊಂಡು ಬಂದಿದ್ದೀಯೇ ಇವತ್ತು?"

ವಾರೆನ್ ಹಿಂತಿರುಗಿದಾಗ ಥಿಯಾ ಓಡಿಹೋಗಿ ಅವನ ಕೊರಳಿಗೆ ಜೋತುಬಿದ್ದಳು. ಲೆಕ್ಕ ಹೇಳಿದಳು, ಮತ್ತೆ ಹೇಳಿದಳು. ಅವನ ಕಣ್ಣು ಅವಳನ್ನು ದಾಟಿ ಮೊದಲು ಕಾರಿನ ಕಡೆ ಹೋಯಿತು. ಆಮೇಲೆ ನಕ್ಕ. ಆ ನಗು ಒಂದು ಕ್ಷಣ ತಡವಾಗಿ ಬಂತು. ಖುಷಿಯಲ್ಲಿದ್ದವಳಿಗೆ ಅದು ಅಷ್ಟಾಗಿ ನಾಟಲಿಲ್ಲ.

ಮಧ್ಯಾಹ್ನ ಅವನೇ ಬೆಲ್ಟ್ ಬಿಗಿದ, ಕಣ್ಣಲ್ಲಿ ಕಣ್ಣಿಟ್ಟ, ಬಗ್ಗಿ ಲೇಸ್ ನೋಡಿದ.

ಎರಡು ನಿಮಿಷ ಒಂಬತ್ತು. ಮುಂದಿನ ಸುತ್ತೂ ಒಂಬತ್ತು.

ಥಿಯಾಳ ಎದೆ ಮೊದಲು ಕುಸಿಯಿತು. ಮೂರನೇ ಸುತ್ತಿನಲ್ಲಿ ಅವಳೊಳಗಿನ ಮೆಕ್ಯಾನಿಕ್ ಎದ್ದು ಕೂತಳು. ಎಂಜಿನ್ನಿನ ದನಿ ಪ್ರತಿ ಸಲ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಅಳತೆ ಹಿಡಿದ ಹಾಗೆ. ಭಯಕ್ಕೆ ಅಷ್ಟು ಶಿಸ್ತು ಇರುವುದಿಲ್ಲ. ಬೆಳಿಗ್ಗೆಗೂ ಈಗಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದಳು. ಕಾರು ಅದೇ, ಟೈರು ಅದೇ, ಅವಳೂ ಅವಳೇ. ಬೆಲ್ಟ್ ಕಟ್ಟಿದ ಕೈ ಮಾತ್ರ ಬೇರೆ.

ಆ ಯೋಚನೆಯನ್ನು ತಲೆಯಿಂದ ತಳ್ಳಿಹಾಕಲು ನೋಡಿದಳು. ಅದು ಹೋಗಲಿಲ್ಲ.

ಒಳಗೆ ಬಂದವಳು ತಂಡದವರ ಮುಂದೆ ನಿಲ್ಲಿಸದೆ ಸೀದಾ ಗ್ಯಾರೇಜುಗಳ ಸಾಲಿನ ತುದಿಯಲ್ಲಿ ಯಾರೂ ಇಲ್ಲದ ಕಡೆ ನಿಲ್ಲಿಸಿದಳು. ಬೆಲ್ಟ್ ಬಿಚ್ಚಿ, ಆಕ್ಸಿಲರೇಟರ್ ಪೆಡಲಿನ ಹಿಂದೆ ಕೈ ಹಾಕಿದಳು. ಪೆಡಲ್ ಪೂರ್ತಿ ಕೆಳಗಿಳಿಯದಂತೆ ತಡೆಯುವ, ಸಾಬೂನಿನಷ್ಟು ಗಾತ್ರದ ಕಪ್ಪು ರಬ್ಬರ್ ತುಂಡು. ಅಂಚನ್ನು ಒಪ್ಪವಾಗಿ ಇಳಿಜಾರಾಗಿ ಕೊಯ್ದಿತ್ತು, ತಳಕ್ಕೆ ವೆಲ್ಕ್ರೋ ಪಟ್ಟಿ. ಕೋಲ್ಡ್ ರೂಮಿನ ಬಾಗಿಲಿಗೆ ಹಾಕುವ ರಬ್ಬರ್. ಅಷ್ಟು ಅಚ್ಚುಕಟ್ಟಾಗಿ ಕೊಯ್ಯುವ ಕೈ ಯಾರದೆಂದು ಅವಳಿಗೆ ಗೊತ್ತಿತ್ತು.

ವಾರೆನ್ ಓಡಿಬಂದ. ಅವಳ ಅಂಗೈಯಲ್ಲಿದ್ದದ್ದನ್ನು ನೋಡಿ ನಿಂತುಬಿಟ್ಟ.

"ಯಾವಾಗಿಂದ?" ಎಂದು ಕೇಳಿದಳು.

"ಮೊದಲನೇ ಟೆಸ್ಟಿಂದ."

ಅವನು ಏನನ್ನೂ ಮುಚ್ಚಿಡಲಿಲ್ಲ. ಬೆಲ್ಟ್ ಬಿಗಿದು, ಬಗ್ಗಿ ಲೇಸ್ ನೋಡುವಾಗ ಇಡುತ್ತಿದ್ದ, ಅವಳನ್ನು ಇಳಿಸಿಕೊಳ್ಳುವಾಗ ತೆಗೆಯುತ್ತಿದ್ದ. ಸೆಪ್ಟೆಂಬರಿನಲ್ಲಿ ಅವಳು ಗುದ್ದಿದ ಮೇಲೆ ನಲವತ್ತು ಸೆಕೆಂಡು, ಉತ್ತರ ಬರದಿದ್ದರೂ, ರೇಡಿಯೋದಲ್ಲಿ ಅವಳ ಹೆಸರು ಕೂಗಿದ್ದವನು ಅವನೇ. ಆ ನಲವತ್ತು ಸೆಕೆಂಡು ಮತ್ತೆ ಬರಬಾರದು ಎಂದಷ್ಟೇ ಅವನಿಗಿದ್ದದ್ದು. ನಿಧಾನವಾದರೆ ಅವಳೇ ಬೇಸತ್ತು ಬಿಡುತ್ತಾಳೆ ಎಂದುಕೊಂಡಿದ್ದ.

"ಬಿಟ್ಟುಬಿಡು ಅಂತ ನನ್ನನ್ನೇ ಕೇಳಬಹುದಿತ್ತು."

"ನೀನು ಆಗಲ್ಲ ಅಂತಿದ್ದೆ."

"ಹೂಂ, ಆಗಲ್ಲ ಅಂತಿದ್ದೆ. ಜಗಳ ಆಗ್ತಿತ್ತು. ಆಗ್ಲಿ ಬಿಡು, ಜಗಳ ಆಡಿದ್ರೆ ಏನಾಗ್ತಿತ್ತು?" ಅವಳ ದನಿ ಏರಲಿಲ್ಲ. "ಇದು ಜಾರಿ ಬ್ರೇಕ್ ಕೆಳಗೆ ಹೋಗಿದ್ರೆ, ವಾರೆನ್?"

ಅವನ ಮುಖದ ರಕ್ತ ಇಳಿದುಹೋಯಿತು. ಇಷ್ಟು ದಿನ ಅದೊಂದನ್ನು ಅವನು ಯೋಚಿಸಿರಲೇ ಇಲ್ಲ ಎಂಬುದು ಅವಳಿಗೆ ಕಂಡಿತು.

ಆದರೆ ಅವಳನ್ನು ಕೊಯ್ದದ್ದು ಅದಲ್ಲ. "ಅಡಿಗೆಮನೇಲಿ ನಾನು ಅತ್ತಾಗ," ಎಂದಳು. "ಪುಕ್ಕಲಿ ಆದೆ ಅಂತ ಅತ್ತಾಗ, ತಲೆ ಸವರಿದೆಯಲ್ಲ. ಆಗಲೂ ನಿನಗೆ ಗೊತ್ತಿತ್ತು."

"ಗೊತ್ತಿತ್ತು." ಅವನ ಕಣ್ಣು ತುಂಬಿತು. "ನಿನ್ನನ್ನ ಪ್ರೀತಿಸ್ತೀನಿ, ಥಿಯಾ."

ಆರು ತಿಂಗಳು ಕಾದಿದ್ದ ಮಾತು. ಎಂಥ ಹೊತ್ತಿನಲ್ಲಿ ಬಂತು. ಆ ಮಾತಿಗೆ ಅವಳ ಮೈಯೆಲ್ಲ ಕಿವಿಯಾಯಿತು, ಅದೇ ಅವಳಿಗೆ ಅವಮಾನವೆನಿಸಿತು.

"ನಾನೂ," ಎಂದಳು. "ಸುಳ್ಳು ಯಾಕೆ ಹೇಳಲಿ. ಆದರೆ ಇನ್ನು ಮೇಲೆ ನೀನು ಬೆನ್ನು ತಟ್ಟಿದ್ರೂ ಕೈಯಲ್ಲಿ ಏನಿದೆ ಅಂತ ನೋಡ್ತೀನಿ. ಹಾಗೆ ಬದುಕೋಕೆ ನನ್ನಿಂದ ಆಗಲ್ಲ. ನೀನು ಹೋಗು. ಓಪಲ್‌ಗೆ ನೀನೇ ಹೇಳಿ ಹೋಗು."

ಅವನು ಹೇಳಿದ. ಓಪಲ್ ಪೂರ್ತಿ ಕೇಳಿಸಿಕೊಂಡು ಅವನ ಕಿವಿಯ ಹೆಡ್‌ಸೆಟ್ ಕೈಚಾಚಿ ಇಸಿದುಕೊಂಡಳು. ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವ ಲೀರಾಯ್ ನೆಲ ನೋಡಿದ. ವಾರೆನ್ ತನ್ನ ಉಪಕರಣಗಳನ್ನು ಪೆಟ್ಟಿಗೆಗೆ ತುಂಬಿದ. ಹೋಗುವ ಮುಂಚೆ ಥಿಯಾಳ ಹತ್ತಿರ ಬಂದು, ಬೇರಿಂಗನ್ನು ರೇಸಿಗೆ ಮುಂಚೆ ಮರೆಯದೆ ಬದಲಾಯಿಸು ಎಂದ. ಅವಳು ತಲೆಯಾಡಿಸಿದಳು. ಅವನ ಜಾಕೆಟ್ಟಿನ ಕಾಲರು ಒಳಕ್ಕೆ ಮಡಚಿಕೊಂಡಿತ್ತು. ಅವಳ ಕೈ ತಾನಾಗಿ ಮೇಲೆದ್ದು ಅದನ್ನು ಸರಿಮಾಡಿತು.

ಸ್ವಲ್ಪ ಹೊತ್ತು ಅವಳು ಟೈರಿನ ಮೇಲೆ ಕೂತು ತಣ್ಣಗಾದ ಕಾಫಿ ಕುಡಿದಳು. ಇವತ್ತಿಗೆ ಸಾಕು ಮಾಡೋಣವೇ ಎಂದು ಓಪಲ್ ಕೇಳಿದಳು. ಥಿಯಾ ಹೆಲ್ಮೆಟ್ ಎತ್ತಿಕೊಂಡಳು.

ಟ್ರ್ಯಾಕಿನ ಹಿಂದಿನ ನೇರ ದಾರಿಯ ಪಕ್ಕದಲ್ಲೇ, ಬೇಲಿಯಾಚೆ, ಊರಿಗೆ ಹೋಗುವ ರಸ್ತೆ. ಎರಡನೇ ಸುತ್ತಿನಲ್ಲಿ ಅಲ್ಲಿಗೆ ಬಂದಾಗ ವಾರೆನ್‌ನ ನೀಲಿ ಪಿಕಪ್ ಆ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿತ್ತು. ಒಂದು ಗಳಿಗೆ ಎರಡೂ ಅಕ್ಕಪಕ್ಕ ಬಂದವು. ಅವನು ನೋಡುತ್ತಿದ್ದನೋ ಇಲ್ಲವೋ, ಅವಳಿಗೆ ತಿಳಿಯದು, ತಿರುಗಲಿಲ್ಲ. ಬಲಗಾಲನ್ನು ತಳ ಮುಟ್ಟುವ ತನಕ ಒತ್ತಿದಳು. ಪಿಕಪ್ ಹಿಂದೆ ಉಳಿಯಿತು.

"ಎರಡು ನಿಮಿಷ ಮೂರು," ಎಂದಳು ಓಪಲ್ ಮೆಲ್ಲಗೆ. "ಥಿಯಾ, ಒಳಗೆ ಬರ್ತೀಯಾ?"

"ಇನ್ನೊಂದು ಸುತ್ತು," ಎಂದಳು.

ಮತ್ತೆ ಅದೇ ನೇರ ದಾರಿಗೆ ಬಂದಾಗ ಬೇಲಿಯಾಚೆ ರಸ್ತೆ ಖಾಲಿಯಾಗಿತ್ತು. ಅವಳು ಅಳುತ್ತಿದ್ದಳು, ಆದರೂ ತಿರುವು ಸ್ಪಷ್ಟವಾಗಿ ಕಾಣುತ್ತಿತ್ತು. ಕಾಲು ಎತ್ತಲಿಲ್ಲ.