ಬಚ್ಚಲೊಲೆಯ ಗೋಡೆ

“ನೀವು ಸ್ನಾನ ಮಾಡ್ತೀರೋ, ನನ್ನ ಬೇಯಿಸ್ತೀರೋ? ಮೊದ್ಲು ಅದನ್ನ ಹೇಳಿ.”

ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಗಿಲಲ್ಲಿ ನಿಂತ ಅರ್ಚನಾಳನ್ನು ನೋಡಿ ಚನ್ನಕೇಶವನ ಕೈಯಲ್ಲಿದ್ದ ಚೊಂಬು ಜಾರಿತು. ಅವನು ಲೈನ್‌ಮನ್ ಆಗಿ ಕೊಟ್ಟಿಗೆಹಾರಕ್ಕೆ ಬಂದು ವಾರವಾಗಿತ್ತಷ್ಟೆ. ಪಕ್ಕದ ಮನೆಯವಳ ಮುಖ ನೋಡಿದ್ದು ಇದೇ ಮೊದಲು.

“ನಾನೇನ್ ಮಾಡ್ದೆ ಮೇಡಂ?”

“ನಿಮ್ಮ ಬಚ್ಚಲೊಲೆ ಇರೋದು ನನ್ನ ಮಂಚದ ಗೋಡೆಗೆ. ಸಂಜೆ ಹಂಡೆಗೆ ಬೆಂಕಿ ಹಾಕಿದ್ರೆ ಬೆಳಗಿನ ತನಕ ಗೋಡೆ ಕಾವಲಿ. ನಾನು ದೋಸೆ.”

“ಮಂಚ ಆಚೆ ಎಳ್ಕೊಳ್ಳಿ.”

“ಎಲ್ಲಿಗೆ? ಇರೋದೇ ಒಂದು ರೂಮು. ಆಚೆ ಕಡೆ ಅಡುಗೆ ಒಲೆ. ಈ ಒಲೆ ಬಿಟ್ಟು ಆ ಒಲೆಗೆ ಹೋಗ್ಲಾ?”

ಇದ್ದ ಒಂದು ಮನೆಗೆ ಎರಡು ಬಾಡಿಗೆ ಬರಲೆಂದು ಮನೆ ಒಡತಿ ರುಕ್ಮಿಣಮ್ಮ ನಡುವೆ ಎಬ್ಬಿಸಿದ ಗೋಡೆ ಅದು. ಜಿಪುಣರ ಗೋಡೆ ಎಷ್ಟು ದಪ್ಪ ಇರುತ್ತದೆ? ಈ ಕಡೆ ಸೀನಿದರೆ ಆ ಕಡೆ ದೀಪ ಆರಬೇಕು!

ಅರ್ಚನಾಳ ಸಿಟ್ಟಿಗೆ ಕಾರಣವಿತ್ತು. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಅವಳಿಗೆ ಕೆಲಸ. ಎಸ್ಟೇಟಿನ ಮಲ್ಲಿಕಾರ್ಜುನಪ್ಪನವರು ಅವತ್ತು ಎರಡು ನಂಬರ್ ಕೊಟ್ಟಿದ್ದರು. ಒಂದು ಮಾವನದು, ಇನ್ನೊಂದು ಗೊಬ್ಬರದ ಅಂಗಡಿಯದು. ನಿದ್ದೆಗೆಟ್ಟ ಕಣ್ಣಿನಲ್ಲಿ ಇವಳು ಅದಲುಬದಲು ಮಾಡಿದಳು. “ಲೋಡು ಯಾವಾಗ ಕಳಿಸ್ತೀಯೋ ಕಳ್ಳ?” ಎಂದು ಅವರು ಮಾವನನ್ನೇ ಗದರಿಸಿಬಿಟ್ಟಿದ್ದರು. ಇನ್ನೊಮ್ಮೆ ಹೀಗಾದರೆ ಬರಲೇಬೇಡ ಎಂದಿದ್ದ ಬೂತಿನ ಮಾಲೀಕ.

“ನಾನು ಹಿರಿಯೂರು ಕಡೆಯವನು. ನಿಮ್ಮೂರ ತಣ್ಣೀರು ಮೈಗೆ ಬಿದ್ರೆ ಜೀವ ಹೋಗುತ್ತೆ” ಎಂದ ಚನ್ನಕೇಶವ.

“ಹೋಗ್ಲಿ. ನಂಗೆ ನಿದ್ದೆ ಬರುತ್ತೆ.”

ಮಾರನೇ ದಿನದಿಂದ ಆ ಒಲೆ ಉರಿಯಲಿಲ್ಲ. ಅರ್ಚನಾ ಸೊಂಪಾಗಿ ಮಲಗಿದಳು. ಸಂಜೆ ಗೋಡೆಯಾಚೆ ಚೊಂಬಿಗೊಂದರಂತೆ “ಅಯ್ಯಪ್ಪಾ...” ಕೇಳಿಸುವಾಗ ಬಾಯಿ ಮುಚ್ಚಿ ನಗುತ್ತಿದ್ದಳು.

ಊರಿಗೆ ಫೋನ್ ಮಾಡುವ ನೆಪದಲ್ಲಿ ಅವನು ಬೂತಿಗೆ ಬರತೊಡಗಿದ. ಕೇಳುತ್ತಿದ್ದುದು ಒಂದೇ ಮಾತು.

“ನಿದ್ದೆ ಬರ್ತಿದ್ಯಾ?”

“ಬರ್ತಿದೆ.”

ಅಷ್ಟಕ್ಕೇ ಅವನ ಮುಖ ಅರಳುತ್ತಿತ್ತು. ಆ ಪ್ರಶ್ನೆಗಾಗಿ ಇವಳು ಬಾಗಿಲು ನೋಡುವುದನ್ನು ಕಲಿತಳು.

ದೀಪಾವಳಿ ಕಳೆಯಿತು. ಮಾಗಿ ಬಂತು. ಗೋಡೆ ಮಂಜುಗಡ್ಡೆಯಾಯಿತು. ಎರಡು ಕಂಬಳಿ ಹೊದ್ದರೂ ಅರ್ಚನಾಳ ಕಾಲು ಬೆಚ್ಚಗಾಗಲಿಲ್ಲ. ಆಗಿನ ಆ ಬಿಸಿ ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದರೆ... ಆದರೆ ಅಷ್ಟೆಲ್ಲ ಬೈದು, ಈಗ ಯಾವ ಮುಖದಲ್ಲಿ ಕೇಳುವುದು?

“ನಿದ್ದೆ ಬರ್ತಿದ್ಯಾ?” ಎಂದ ಅವನು ಮೂಗೊರೆಸಿಕೊಳ್ಳುತ್ತಾ.

“ಚೆನ್ನಾಗ್ ಬರ್ತಿದೆ” ಎಂದಳು ಆಕಳಿಕೆ ನುಂಗಿ.

ಒಂದು ಭಾನುವಾರ ರುಕ್ಮಿಣಮ್ಮ ಹೊಸಬನೊಬ್ಬನನ್ನು ಕರೆತಂದರು. ಅವನು ಹೆಗಲ ಟವೆಲ್ಲು ತೆಗೆದು ಜಗಲಿಯ ಮೇಲಿಟ್ಟ.

“ಅರ್ಚನಾ, ಇವ್ರು ಭೂತಯ್ಯ ಅಂತ. ಲೈನ್‌ಮನ್ ಮನೆ ಖಾಲಿ ಮಾಡ್ತಾನಂತೆ, ಇವ್ರು ಬರ್ತಾರೆ. ವರ್ಷಪೂರ್ತಿ ತಣ್ಣೀರು ಸ್ನಾನವಂತೆ. ನಿಂಗೆ ಒಳ್ಳೇದಾಯ್ತಲ್ಲ ಮಾರಾಯ್ತಿ.”

ಅರ್ಚನಾ ನೇರ ಚನ್ನಕೇಶವನ ಮನೆಗೆ ನುಗ್ಗಿದಳು. ಅವನು ಟ್ರಂಕು ಕಟ್ಟುತ್ತಿದ್ದ. ರುಕ್ಮಿಣಮ್ಮನೂ ಭೂತಯ್ಯನೂ ಹಿಂದೆಯೇ ಬಂದರು.

“ಯಾರನ್ನ ಕೇಳಿ ಮನೆ ಬಿಡ್ತಿದ್ದೀರಿ?”

“ಬಿಸಿನೀರಿಲ್ದೆ ನಂಗಾಗಲ್ಲ ಕಣ್ರೀ. ಬೆಂಕಿ ಹಾಕಿದ್ರೆ ನಿಮ್ಮ ನಿದ್ದೆ ಕೆಡುತ್ತೆ.”

“ನಾನು ನಿದ್ದೆ ಮಾಡಿ ತಿಂಗಳಾಯ್ತು. ಚಳಿ.”

“ಕೇಳಿದಾಗೆಲ್ಲ ಚೆನ್ನಾಗ್ ಬರ್ತಿದೆ ಅಂದ್ರಲ್ಲ?”

“ಒಂದು ಮಾತಿಗೆ ಬಿಸಿನೀರು ಬಿಟ್ರಿ. ನಿದ್ದೆ ಇಲ್ಲ ಅಂದಿದ್ರೆ ಇನ್ನೇನ್ ಬಿಡ್ತಿದ್ರೋ...” ಅವಳು ಬಚ್ಚಲೊಲೆಯತ್ತ ಕೈ ತೋರಿದಳು. “ಬೆಂಕಿ ಹಾಕಿ.”

“ಹಾಕ್ಬೇಡಿ ಅಂದವ್ರೂ ನೀವೇ.”

“ಅಂದೆ. ಈಗ ಹಾಕಿ ಅಂತಿದ್ದೀನಿ. ಎರಡೂ ಕೇಳ್ಬೇಕು.”

ಚನ್ನಕೇಶವ ಹಗ್ಗ ಕೆಳಗಿಟ್ಟ. “ಜೀವನ ಪೂರ್ತಿ ಕೇಳ್ಬೇಕಾ?”

ಅವಳು ನೆಲ ನೋಡಿದಳು. “ಆಗುತ್ತಾ?”

“ಆಗುತ್ತೆ. ಆದ್ರೆ ಬೇಸಿಗೇಲೂ ನಂಗೆ ಬಿಸಿನೀರೇ ಬೇಕು. ಆಗ ನಿಮ್ಮ ನಿದ್ದೆ?”

“ಬೇಸಿಗೆ ಹೊತ್ತಿಗೆ...” ಅರ್ಚನಾಳ ದನಿ ಇನ್ನೂ ಸಣ್ಣದಾಯಿತು, “ಮಂಚ ಈ ಕಡೆ ಬಂದಿರುತ್ತಲ್ಲ.”

“ನನ್ನ ಇನ್ನೊಂದು ಬಾಡಿಗೆ?” ಎಂದು ರುಕ್ಮಿಣಮ್ಮ ಎದೆ ಹಿಡಿದುಕೊಂಡರು.

ಭೂತಯ್ಯ ಇಬ್ಬರನ್ನೂ ನೋಡಿದ, ಗೋಡೆಯನ್ನೂ ನೋಡಿದ. “ಅಮ್ಮಾ, ಈ ಗೋಡೆ ಪಕ್ಕ ನಂಗೆ ನಿದ್ದೆ ಬರಲ್ಲ” ಎಂದು ಹೊರಟೇಬಿಟ್ಟ. ಅವನ ಟವೆಲ್ಲು ಜಗಲಿಯಲ್ಲೇ ಉಳಿಯಿತು.

ಅದನ್ನು ಕೇಳಲಿಕ್ಕೂ ಆಸಾಮಿ ತಿರುಗಿ ಬರಲಿಲ್ಲ.