ಪರದೆಯ ಮೂಲೆ

"ನಾನು ಚಿಕ್ಕವಳಿದ್ದಾಗ ನಿಮ್ಮ ತಾತನ ಅಂಗಿಯಿಂದ ಮೆಷಿನ್ ಎಣ್ಣೆ ವಾಸನೆ ಬರ್ತಿತ್ತು. ಕಣ್ಣು ಮುಚ್ಚಿಕೊಂಡಿದ್ರೂ ಅಪ್ಪ ಬಂದ್ರು ಅಂತ ಗೊತ್ತಾಗೋದು," ಎಂದರು ಬಟ್ಟೆ ಮಡಚುತ್ತಿದ್ದ ಅಮ್ಮ.

ಮಗಳು ಗಿಣಿಗೆ ಆ ವಾಸನೆಯಿಂದ ಏನೂ ಉಪಯೋಗವಿರಲಿಲ್ಲ. ಹಳೇ ಸಿನಿಮಾ ಮೇಲೋ ಹೊಸದು ಮೇಲೋ ಎಂದು ನಾಳೆ ತರಗತಿಯಲ್ಲಿ ಅವಳು ಮಾತಾಡಬೇಕಿತ್ತು. ಯಾವುದರ ಪರ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

"ಹಳೇದೇ. ಅದರಲ್ಲಿ ಕೇಳೋದೇನಿದೆ?" ಎಂದರು ತಾತ. ಅವರು ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದ ಆಪರೇಟರ್.

"ಹಳೇದು ನೋಡ್ತಾ ಕೂತ್ರೆ ಗಡ್ಡ ಬೆಳೆಯುತ್ತೆ," ಎಂದ ಅಣ್ಣ.

"ನಿನಗೆ ಮೊದಲು ಮೀಸೆ ಬರಲಿ ಕಣೋ."

ತಾತ ಟಿ.ವಿ.ಯಲ್ಲಿ ತಮ್ಮ ಮೆಚ್ಚಿನ ಚಿತ್ರ ಹಾಕಿಸಿದರು. ದೋಣಿಯವನೊಬ್ಬ ಕಳೆದುಹೋದ ತಂಗಿಯನ್ನು ಊರೂರು ಹುಡುಕುತ್ತಿದ್ದ. ಗಿಣಿಗೆ ತಡೆಯಲಾಗಲಿಲ್ಲ.

"ತಂಗಿ ಸಿಗ್ತಾಳಾ ತಾತ?"

ತಾತ ತಲೆ ಕೆರೆದುಕೊಂಡರು. "ಗೊತ್ತಿಲ್ಲಮ್ಮ."

"ನೀವೇ ಓಡಿಸಿದ್ರಲ್ಲ?"

"ಓಡಿಸಿದ್ದು ನಾನೇ. ಆದರೆ ನನ್ನ ಕಣ್ಣೆಲ್ಲ ಪರದೆಯ ಮೂಲೆ ಮೇಲೆ. ರೀಲು ಮುಗೀತಾ ಬಂತು ಅಂತ ಅಲ್ಲಿ ಚುಕ್ಕೆ ಕಂಡ ಕೂಡಲೇ ಇನ್ನೊಂದು ಮೆಷಿನ್ ಶುರು ಮಾಡಬೇಕು. ಕೊನೇ ರೀಲು ಓಡುವಾಗ ಹಿಂದಿನದನ್ನ ಸುತ್ತಿಡ್ತಿದ್ದೆ, ಮುಂದಿನ ಆಟಕ್ಕೆ."

ಅಣ್ಣ ಬಿದ್ದು ಬಿದ್ದು ನಕ್ಕ. "ನೋಡದೇ ಇರೋದನ್ನ ಇಷ್ಟು ದಿನ ಹೊಗಳಿದ್ರಾ?"

ತಾತ ಎದ್ದು ಕೋಣೆಗೆ ಹೋದರು. ಊಟಕ್ಕೆ ಕರೆದರೂ ಬರಲಿಲ್ಲ.

ಗಿಣಿಗೆ ತಲೆಬುಡ ತಿಳಿಯಲಿಲ್ಲ. ನೋಡದಿದ್ದರೆ ಇಷ್ಟವಾದದ್ದು ಹೇಗೆ? ಅಣ್ಣನಾದರೂ ಹೊಸ ಸಿನಿಮಾಗಳನ್ನು ಮೊಬೈಲಿನಲ್ಲಿ ಮುಂದೆ ಮುಂದೆ ಓಡಿಸಿ ನೋಡುವವನೇ. ಹಾಗಾದರೆ ಈ ಮನೆಯಲ್ಲಿ ನೆಟ್ಟಗೆ ಸಿನಿಮಾ ನೋಡಿದವರು ಯಾರು?

ಅವಳು ಕೋಣೆಯ ಬಾಗಿಲಲ್ಲಿ ನಿಂತಳು. ಅಣ್ಣನೂ ಹಿಂದೆ ಬಂದು ಗೋಡೆಗೆ ಒರಗಿದ.

"ಚೆನ್ನಾಗಿದೆ ಅಂತ ಹೇಗೆ ಗೊತ್ತಾಯ್ತು ತಾತ?"

"ಮೆಷಿನ್ ರೂಮಿನ ಕಿಂಡಿಯಿಂದ ಜನ ಕಾಣ್ತಿದ್ರು. ಆಟ ಮುಗಿದ ಮೇಲೂ ಏಳ್ತಿರಲಿಲ್ಲ. ಕಣ್ಣು ಒರೆಸ್ಕೊಂಡು, ಯಾರದೋ ಚಪ್ಪಲಿ ಯಾರೋ ಹುಡುಕಿ ಕೊಡೋರು." ತಾತ ಬೆರಳುಗಳಿಂದ ಕಿಂಡಿಯಷ್ಟಗಲ ತೋರಿಸಿದರು. "ಅಷ್ಟೇ ನಾನು ನೋಡಿದ್ದು."

ನಾಳೆ ಏನು ಹೇಳಬೇಕೆಂದು ಗಿಣಿಗೆ ಈಗಲೂ ಗೊತ್ತಾಗಲಿಲ್ಲ. ಅವಳು ತಾತನ ಕೈ ಹಿಡಿದಳು.

"ಬನ್ನಿ. ಕೊನೆ ನಾನೂ ನೋಡಿಲ್ಲ."

ಸಿನಿಮಾ ಮತ್ತೆ ಶುರುವಾಯಿತು. ತಾತನ ಕಣ್ಣು ಮೆಲ್ಲಗೆ ಮೂಲೆಗೆ ಸರಿಯಿತು.

"ಮಧ್ಯ ನೋಡಿ ತಾತ," ಎಂದಳು ಗಿಣಿ ಪಿಸುದನಿಯಲ್ಲಿ.

ಅಣ್ಣ ಅಡುಗೆಮನೆಯಿಂದ ಬಂದ. ಟಿ.ವಿ.ಗೆ ಅಡ್ಡವಾಗದಂತೆ ಬಗ್ಗಿ, ಬಿಸಿ ಊಟದ ತಟ್ಟೆಯನ್ನು ತಾತನ ಕೈಗಿಟ್ಟ.