ಪಕ್ಕದ ಸೀಟಿನವಳು

ಮಹಾಂತೇಶ ಸ್ಟೀರಿಂಗನ್ನು ಹಸುಗೂಸಿನ ಹಾಗೆ ಹಿಡಿದದ್ದು ನೋಡಿ ಆಶಾಗೆ ಮೊದಲ ದಿನವೇ ನಗು ಬಂದಿತ್ತು.

"ಗಟ್ಟಿಯಾಗಿ ಹಿಡೀರಿ ಸರ್. ಅದೇನೂ ಅಳಲ್ಲ."

"ನಾನೇ ಅಳ್ತೀನೇನೋ ಅಂತ ಭಯ ಕಣ್ರಿ."

ಚಳ್ಳಕೆರೆಯಲ್ಲಿ ಅಪ್ಪ ಉಗ್ರಪ್ಪ ಶುರುಮಾಡಿದ್ದ ಡ್ರೈವಿಂಗ್ ಸ್ಕೂಲನ್ನು, ಅವನ ಸೊಂಟ ಕೈಕೊಟ್ಟ ಮೇಲೆ, ಆಶಾಳೇ ನಡೆಸುತ್ತಿದ್ದಳು. ಮಹಾಂತೇಶ ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವ ಮನೆಯವನು, ಬಿ.ಜಿ. ಕೆರೆಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಶಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿದು ಬರುತ್ತಿದ್ದ. ಉಳ್ಳಾರ್ತಿ ಕಾವಲಿನ ಕಡೆಯ ನೇರ ರಸ್ತೆಯಲ್ಲಿ, ಇಳಿಬಿಸಿಲಿಗೆ ಒಣಹುಲ್ಲು ಹೊಳೆಯುವ ಹೊತ್ತಿನಲ್ಲಿ ಅವರ ಪಾಠ.

ದನ ಅಡ್ಡ ಬಂದರೆ ಅವನು ಹಾರ್ನ್ ಒತ್ತುತ್ತಿರಲಿಲ್ಲ. ಕಾರು ನಿಲ್ಲಿಸಿ, ಅದು ದಾಟುವವರೆಗೆ ಕಾದು, ಮೀಸೆಯಂಚಿನಲ್ಲಿ ನಕ್ಕು ಆಶಾಳತ್ತ ನೋಡುತ್ತಿದ್ದ. ಆ ನೋಟ ತಪ್ಪಿಸಿಕೊಳ್ಳಲು ಅವಳು ಸರಿಯಾಗಿಯೇ ಇದ್ದ ಕನ್ನಡಿಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು.

ಒಂದು ಸಂಜೆ ಅವಳೇ ಕೇಳಿದಳು. "ಇಷ್ಟು ದಿನ ಇಲ್ಲದ್ದು, ಈಗ್ಯಾಕೆ ಡ್ರೈವಿಂಗ್ ಕಲಿಯೋ ಆಸೆ?"

"ಬೇಸಿಗೆ ರಜಕ್ಕೆ ಮಲೇಷ್ಯಾಕ್ಕೆ ಹೊರಟೀನಿ. ಕೌಲಾಲಂಪುರದಿಂದ ಇಪೋ, ಪೆನಾಂಗ್, ಅಲ್ಲಿಂದ ಬೆಟ್ಟ ದಾಟಿ ಕೋಟಾಭಾರು, ಆಮೇಲೆ ಕಡಲ ದಂಡೆ ಹಿಡ್ಕೊಂಡು ಕೆಳಗೆ. ಇಡೀ ಪರ್ಯಾಯ ದ್ವೀಪ ಒಂದು ಸುತ್ತು! ಅಲ್ಲೂ ನಮ್ಮಂಗೇ ಎಡಗಡೆ ಓಡಿಸ್ತಾರೆ."

"ಒಬ್ರೇನಾ?"

"ಮಾಲತಿ ಇದಾಳಲ್ಲ. ನನ್ ಬಿ.ಎಡ್. ಕ್ಲಾಸ್‌ಮೇಟು, ಇಪೋದಲ್ಲಿ ಟೀಚರ್. ಅವಳದೇ ಕಾರು. ಅರ್ಧ ದಾರಿ ನೀನೇ ಓಡಿಸ್ಬೇಕು ಅಂತ ಕಂಡೀಷನ್ ಹಾಕಿದಾಳೆ."

ಆಶಾ ಮತ್ತೆ ಕನ್ನಡಿಗೆ ಕೈ ಹಾಕಿದಳು. ಕ್ಲಚ್ ಬಿಡುವ ಹದ, ತಿರುವಿನಲ್ಲಿ ಕೈ ಆಡಿಸುವ ಬಗೆ, ಎಲ್ಲವನ್ನೂ ಅವನಿಗೆ ಕೂತು ಕಲಿಸುತ್ತಿರುವವಳು ತಾನು. ಅದನ್ನೆಲ್ಲ ಅವನು ಕಡಲ ದಂಡೆಯಲ್ಲಿ ಯಾವಳೋ ಮಾಲತಿಯ ಮುಂದೆ ತೋರಿಸುತ್ತಾನೆ. ಅವಳು ಕಿಟಕಿಗೆ ಕೂದಲು ಹಾರಿಬಿಟ್ಟುಕೊಂಡು ಪಕ್ಕದಲ್ಲಿ ಕೂತಿರುತ್ತಾಳೆ.

ಅಂದಿನಿಂದ ಮಾಲತಿಯ ವಾಯ್ಸ್ ಮೆಸೇಜುಗಳೂ ಕಾರು ಹತ್ತಿದವು.

"ಮಾಂತೂ, ಪೆನಾಂಗ್‌ನಲ್ಲಿ ಬಾಗಿಲು ತೆಗೆದ್ರೆ ಸಮುದ್ರ ಕಾಣೋ ರೂಮುಗಳು ನೋಡಿದೀನಿ ಕಣೋ!"

ಕಾರು ಗಕ್ಕನೆ ನಿಂತಿತು.

"ಅಯ್ಯೋ, ಕ್ಲಚ್ ಬಿಟ್ಟುಬಿಟ್ನಾ?" ಎಂದ ಮಹಾಂತೇಶ.

"ಹೂಂ. ಗಮನ ಎಲ್ಲೋ ಐತೆ ನಿಮ್ದು."

ನಿಜಕ್ಕೂ ನಿಲ್ಲಿಸಿದ್ದು ಅವಳ ಕಾಲು. ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಮಾಂತೂ ಅಂತೆ, ಮಾಂತು! ಆ ದನಿ ಕೇಳಿದಾಗಲೆಲ್ಲ ಆಶಾಳ ಪಾದ ತಾನಾಗಿ ಅದರ ಮೇಲೆ ಹೋಗುತ್ತಿತ್ತು. ಪಾಪ, ಅವನು ಪ್ರತಿ ಸಲವೂ ಸಾರಿ ಕೇಳುತ್ತಿದ್ದ.

ಮನೆಯಲ್ಲಿ ಅವಳು ಫೋನಿನಲ್ಲಿ ಮಲೇಷ್ಯಾದ ಮ್ಯಾಪು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಉಗ್ರಪ್ಪ ಇಣುಕಿದ. "ಯಾವೂರಮ್ಮ ಅದು?"

"ಯಾವುದೋ ಒಂದೂರು ಬಿಡಪ್ಪ. ನಮಗ್ಯಾಕೆ."

ಮರುದಿನ ಕಾರು ಹತ್ತುತ್ತಲೇ ಜಗಳ ತೆಗೆದಳು. "ಪೆನಾಂಗ್‌ನಿಂದ ಮಧ್ಯಾಹ್ನ ಹೊರಟ್ರೆ ಆ ಬೆಟ್ಟದ ರಸ್ತೇಲಿ ಕತ್ತಲಾಗ್ತೈತೆ. ಅಲ್ಲಿ ಆನೆ ಅಡ್ಡ ಬರ್ತಾವಂತೆ. ಮಧ್ಯಾಹ್ನ ಹೊರಡಾಣ ಅಂತ ಯಾರು ಹೇಳಿದ್ದು?"

"ಮಾಲತಿ."

"ಆನೆ ಏನು ಅವಳ ಸೋದರಮಾವನಾ?"

ಮಹಾಂತೇಶ ಗಹಗಹಿಸಿ ನಕ್ಕ. ಆದರೆ ಬೆಳಿಗ್ಗೆಯೇ ಹೊರಡೋಣವೆಂದು ಮಾಲತಿಗೆ ಹೇಳಿದ. ಆಮೇಲೆ ಆಶಾಳ ಮಾತಿಗೆ ಕೌಲಾಲಂಪುರದ ಟ್ರಾಫಿಕ್ಕಿನಲ್ಲಿ ಓಡಿಸುವ ಯೋಚನೆಯನ್ನೂ ಕೈಬಿಟ್ಟ. "ಯಾರೋ ಅದು, ಅಲ್ಲಿ ಕೂತು ನನ್ನ ಪ್ಲಾನೆಲ್ಲ ಕೆಡಿಸ್ತಿರೋದು?" ಎಂದು ಮಾಲತಿಯ ದನಿ ಮುನಿಸಿಕೊಂಡ ದಿನ ಆಶಾ ಮಿರ್ಚಿ ತಿಂದು ಹಬ್ಬ ಮಾಡಿದಳು.

ಆ ಖುಷಿ ಬಹಳ ಬಾಳಲಿಲ್ಲ. ಟೆಸ್ಟಿನ ಹಿಂದಿನ ಸಂಜೆ ಬಂದ ಮೆಸೇಜನ್ನು ಅವನು ಎಂದಿನಂತೆ ಜೋರಾಗಿಯೇ ಹಾಕಿದ. ಮಾಲತಿ ಈ ಸಲ ಮೆಲ್ಲಗೆ ಮಾತಾಡಿದಳು. "ಬಂದ ಮೇಲೆ ಉತ್ತರ ಹೇಳ್ತೀನಿ ಅಂದಿದೀಯ. ಕಾಯ್ತಿದೀನಿ, ಮಾಂತು."

ಕಾರು ಗಕ್ಕನೆ ನಿಂತಿತು. ಮಹಾಂತೇಶ ತನ್ನ ಕಾಲು ನೋಡಿಕೊಂಡ. ಆಮೇಲೆ ಆಶಾಳ ಕಾಲು ನೋಡಿದ. ಎಳೆದುಕೊಳ್ಳಲು ಅವಳಿಗೆ ಪುರುಸೊತ್ತಾಗಲಿಲ್ಲ.

"ಇಷ್ಟು ದಿನ ನಿಲ್ಲಿಸ್ತಿದ್ದಿದ್ದು ನೀವಾ?"

"ಏನುತ್ತರ?" ಅವಳು ತಿರುಗಿ ಕೇಳಿದಳು. ಮುಖ ಉರಿಯುತ್ತಿತ್ತು.

"ಮದ್ವೆ ಆಗಾಣ ಅಂತ ಕೇಳಿದಾಳೆ. ಎರಡೂ ಮನೇಲಿ ಒಪ್ಪಿಗೆ ಐತೆ. ಏನು ಹೇಳ್ಬೇಕೋ ನನಗೇ ಗೊತ್ತಾಗದೆ, ಅಲ್ಲಿಗೇ ಬಂದು ಹೇಳ್ತೀನಿ ಅಂದಿದ್ದೆ."

"ಹಂಗಾದ್ರೆ ನಾಳೆ ಟೆಸ್ಟಿಗೆ ಬರ್ಬೇಡಿ. ನೀವಿನ್ನೂ ರೆಡಿ ಇಲ್ಲ."

"ರೆಡಿ ಇದ್ದೀನಿ ಅಂತ ನಿನ್ನೆ ನೀವೇ ಹೇಳಿದ್ರಿ."

"ಹೊಟ್ಟೆಕಿಚ್ಚು ಕಣ್ರಿ ನನಗೆ!" ಎಂದುಬಿಟ್ಟಳು ಆಶಾ. "ನಾನು ಕಲ್ಸಿದ್ದನ್ನ ಅವಳ ಪಕ್ಕ ಕೂತು ಓಡಿಸ್ತೀರಲ್ಲ, ಅದು ನನಗೆ ತಡಿಯಾಕಾಗಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. "ಈಗೇನೂ ಹೇಳ್ಬೇಡಿ. ಕನಿಕರಕ್ಕೆ ಹೇಳ್ದಂಗಾಗ್ತೈತೆ," ಎಂದು ಅವಳು ಇಳಿದು ಬಂದು ಅವನನ್ನು ಏಳಿಸಿ, ತಾನೇ ಊರವರೆಗೆ ಓಡಿಸಿದಳು.

ಹಾಗಂತ ಟೆಸ್ಟ್ ತಪ್ಪಿಸಲಿಲ್ಲ. ತಾನೇ ಕರೆದುಕೊಂಡು ಹೋದಳು. ಅವನು ಪಾಸಾದ. ಆಮೇಲೆ ಅವನ ಸುದ್ದಿಯೇ ಇಲ್ಲ. ಆಶಾಗೆ ಕಣ್ಣು ಮುಚ್ಚಿದರೆ ತೆಂಗಿನ ಸಾಲು, ನೀಲಿ ನೀರು, ಅವನ ಪಕ್ಕದಲ್ಲಿ ಮಾಲತಿ. ಕಲಿಯಲು ಬಂದವರ ಮೇಲೆಲ್ಲ ರೇಗಿದಳು.

ಒಂದು ಬೆಳಿಗ್ಗೆ ಆಫೀಸಿನ ಮುಂದೆ ಹಳೆಯ ಕಾರೊಂದು ಬಂದು ನಿಂತಿತು. ಮಹಾಂತೇಶ ಇಳಿದು ಒಳಗೆ ಬಂದ. ಅಂಗಿಯೆಲ್ಲ ಬೆವರು.

"ಮಾವನ ಕಾರು. ಮೊಳಕಾಲ್ಮುರಿನಿಂದ ನಾನೇ ಓಡಿಸ್ಕೊಂಡು ಬಂದೆ."

"ಮಲೇಷ್ಯಾಕ್ಕೆ ಹೋಗ್ಲಿಲ್ವಾ?"

"ಫೋನಲ್ಲೇ ಹೇಳ್ದೆ ಮಾಲತಿಗೆ, ಆಗಲ್ಲ ಅಂತ. ಅತ್ಲು. ಆಮೇಲೆ, 'ಆ ಆನೆ ಮೇಡಂಗೋಸ್ಕರನಾ?' ಅಂದ್ಲು. ಹೌದು ಅಂದೆ."

ಆಶಾ ಕುರ್ಚಿಯೊಂದನ್ನು ಅವನತ್ತ ಎಳೆದಳು.

"ಮಲೇಷ್ಯಾ ಸುತ್ತಾಕೆ ಈಗ ಅವಳ ಕಾರಿಲ್ಲ," ಅವನು ಮುಂದುವರಿಸಿದ. "ಅಲ್ಲಿ ಬಾಡಿಗೆಗೆ ಕೇಳಿದ್ರೆ, ಹೊಸ ಲೈಸೆನ್ಸಿಗೆ ಕೊಡಲ್ಲ ಅಂತಾರೆ. ನಿಮ್ದು ಹಳೇದಲ್ವಾ?"

"ಲೈಸೆನ್ಸ್ ಬೇಕಾಗಿ ಬಂದ್ರಾ?"

"ನೀವು ಬೇಕಾಗಿ ಬಂದೆ, ಆಶಾ."

ಒಳಕೋಣೆಯಲ್ಲಿ ಉಗ್ರಪ್ಪ ಕೆಮ್ಮಿದ. ಆಶಾ ದನಿ ತಗ್ಗಿಸಿದಳು. "ನಿಮ್ಮ ಅವ್ವ ಏನಂದ್ರು?"

"ಮೊದ್ಲು ಮಾತು ಬಿಟ್ಲು. ಆಮೇಲೆ, 'ಹೆಣ್ಣುಡುಗಿ ನಿಂಗೆ ಕಾರು ಕಲ್ಸಿದ್ಲಾ? ಗಟ್ಟಿ ಐತೆ ಹಂಗಾದ್ರೆ' ಅಂದ್ಲು. ಭಾನುವಾರ ನಿಮ್ಮಪ್ಪನ ಹತ್ರ ಬರ್ತಾಳೆ. ಸೊಸೆಗೆ ಅಂತ ಸೀರೆ ನೇಯ್ತಾವ್ಳೆ."

"ಯಾವ ಸೊಸೆಗೆ ಅಂತ ಶುರುಮಾಡಿದ್ದು?"

ಮಹಾಂತೇಶನಿಗೆ ನಗು ತಡೆಯಲಾಗಲಿಲ್ಲ. "ಮೊನ್ನೆ ಶುರುಮಾಡಿದ್ದು ಕಣ್ರಿ! ಸೆರಗಿಗೆ ಯಾವ ಬಣ್ಣ, ಕೇಳ್ಕಂಡು ಬಾ ಅಂತ ಕಳ್ಸಿದಾಳೆ."

ಆಶಾ ಯೋಚಿಸುವವಳಂತೆ ಕಿಟಕಿಯತ್ತ ತಿರುಗಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದಿತ್ತು.

"ಮಾಲತಿಗೆ ಯಾವ ಬಣ್ಣ ಇಷ್ಟ?"

"ಹಸಿರು."

"ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದೀರ!" ಅವಳು ಗಿರ್ರನೆ ತಿರುಗಿದಳು. "ಹಸಿರೊಂದು ಬಿಟ್ಟು ಯಾವುದಾದ್ರೂ ಸರಿ ಅಂತ ಹೇಳಿ ನಿಮ್ಮ ಅವ್ವಂಗೆ."